ಇಪ್ಪತ್ತನೆಯ ಎದೆ

ಎದೆಯೊಳಗಿನ ಗಿರಣಿಗೂ ಹುಳ ಬೀಳಬಹುದೆಂದು ಕಡ್ಲಿಬಾಳದಲ್ಲಿ ಯಾರೂ ಎಣಿಸಿರಲಿಲ್ಲ.

ಗಿರಣಿ ಎಂದರೆ ಹಿಟ್ಟು ಬೀಸುವ ಗಿರಣಿಯಲ್ಲ. ಆರು ವರ್ಷದ ಹಿಂದೆ ಎದೆಜ್ವರ ಬಂದಾಗ ಸತ್ತವರು ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿಯ ಹೃದಯ ಏರಿನಲ್ಲಿ ಸೋತ ಎತ್ತಿನಂತೆ ಮೊಣಕಾಲೂರಿಬಿಟ್ಟಿತು. ಅಂಥವರ ಎದೆಯಲ್ಲಿ ಸರಕಾರ ನಿಂಬೆಹಣ್ಣಿನ ಗಾತ್ರದ ಪಂಪೊಂದನ್ನು ಕೂಡಿಸಿತು. ಸೊಂಟಕ್ಕೊಂದು ಬ್ಯಾಟರಿ ಪಟ್ಟಿ, ಎದೆಯೊಳಗೆ ಸದಾ ಗುಂಯ್ ಎನ್ನುವ ಸದ್ದು. ಗಂಡನ ಎದೆಗೆ ಕಿವಿಯಿಟ್ಟು ಕೇಳಿದ ಮುದುಕಿಯೊಬ್ಬಳು, "ಇದೇನಬೇ, ಗಿರಣ್ಯಾಗ ಜ್ವಾಳಾ ಬೀಸಿದಂಗ ಕೇಳಾಕತ್ತೇತಿ" ಅಂದಳಂತೆ. ಅಂದಿನಿಂದ ಊರಿಗೆಲ್ಲ ಅದು ಗಿರಣಿಯೇ.

ನೀಲಗಂಗಾ ತಾಲೂಕು ಆಸ್ಪತ್ರೆಯ ಗಿರಣಿಕೋಣೆಯ ತಂತ್ರಜ್ಞೆ. ಊರಿನ ನಾನೂರ ಹನ್ನೆರಡು ಗಿರಣಿಗಳು ಗಾಳಿಯ ಮೂಲಕವೇ ಅವಳ ಪರದೆಯ ಜೊತೆ ಮಾತಾಡುತ್ತಿದ್ದವು. ಯಾರಾದರೂ ಮೆಟ್ಟಿಲು ಹತ್ತಿದರೆ ಕೋಣೆಯಿಂದಲೇ ವೇಗ ಏರುತ್ತಿತ್ತು, ಮಲಗಿದರೆ ಇಳಿಯುತ್ತಿತ್ತು. ಗಿರಣಿಯ ತಂತ್ರಾಂಶಕ್ಕೆ ತಿಂಗಳಿಗೊಮ್ಮೆ ಅಪ್‌ಡೇಟ್ ಬರುತ್ತಿತ್ತು. ಜನ ಬಂದು ಕುರ್ಚಿಯಲ್ಲಿ ನಾಲ್ಕು ನಿಮಿಷ ಕೂತು, ಗಿರಣಿ ಮಂದವಾಗಿ ಮತ್ತೆ ಏರುವತನಕ ಮನೆಯ ಸುದ್ದಿ ಹೇಳಿ ಎದ್ದು ಹೋಗುತ್ತಿದ್ದರು.

ಹಾಗಿರುವಾಗ ಹುಳ ಬಂತು. ಎಲ್ಲಿಯೋ ಯಾರೋ ಬರೆದು ಬಿಟ್ಟ ಕೇಡಿನ ತಂತ್ರಾಂಶ. ಗಾಳಿಯಲ್ಲಿ ಗಿರಣಿಯಿಂದ ಗಿರಣಿಗೆ ಹಾರುವುದು ಅದರ ಗುಣ. ಹೊಕ್ಕ ಮೇಲೆ ಹತ್ತು ಹನ್ನೆರಡು ತಾಸು ಸತ್ತ ಹಾಗೆ ಬಿದ್ದಿರುತ್ತದೆ. ಆಮೇಲೆ ವೇಗವನ್ನು ಎಳ್ಳೆಳ್ಳಷ್ಟೇ ಏರಿಸುತ್ತ ಹೋಗುತ್ತದೆ. ಎಳೆಯಲು ರಕ್ತ ಸಾಲದೆ ಗಿರಣಿ ಕೊನೆಗೆ ಹೃದಯದ ಗೋಡೆಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು.

ಕಂಪನಿ ಹುಳವನ್ನು ತಡೆಯುವ ಅಪ್‌ಡೇಟ್ ಕಳಿಸಿತು. ಊರಿನ ಮುನ್ನೂರ ತೊಂಬತ್ತಮೂರು ಗಿರಣಿಗಳಿಗೆ ಅದು ಸಲೀಸಾಗಿ ಕೂತಿತು. ಉಳಿದ ಹತ್ತೊಂಬತ್ತು ಮೊದಲ ಕಂತಿನ ಗಿರಣಿಗಳು. ನೆನಪಿನ ಜಾಗ ಕಡಿಮೆ. ಪಕ್ಕದ ತಾಲೂಕಿನಲ್ಲಿ ಅಂಥ ಎಂಟು ಮಂದಿಗೆ ಅಪ್‌ಡೇಟ್ ಹಾಕಿದರು. ಐದು ಮಂದಿಯ ಗಿರಣಿ ಮಂದವಾದದ್ದು ಮತ್ತೆ ಏಳಲೇ ಇಲ್ಲ. ಕುರ್ಚಿಯಲ್ಲಿ ಕೂತವರನ್ನು ಹೊತ್ತು ಹೊರಗೆ ತಂದರು. ಹೊಸ ಗಿರಣಿ ಬೇಕೆಂದರೆ ಹದಿನಾಲ್ಕು ತಿಂಗಳು ಕಾಯಬೇಕು.

ಆ ಹತ್ತೊಂಬತ್ತು ಮಂದಿಯಲ್ಲಿ ಒಬ್ಬ ಈರಬಸಪ್ಪ, ನೀಲಗಂಗಳ ಗಂಡ.

"ಸೋಮವಾರದೊಳಗ ಎಲ್ಲಾರಿಗೂ ಹಾಕಬೇಕಂತ ಮ್ಯಾಲಿಂದ ಕಾಗದ ಬಂದೈತಿ" ಎಂದು ಹೆರಕಲ್ ಡಾಕ್ಟರು ಅವಳ ಮೇಜಿನ ಮೇಲೆ ಹಾಳೆ ಇಟ್ಟರು. ಮೂರು ರಾತ್ರಿ ನಿದ್ದೆಗೆಟ್ಟ ಮುಖ. "ಹಾಕದಿದ್ರ ಹುಳ. ಹಾಕಿದ್ರ ನಿಂತ ಹೋಗ್ತಾವ. ನಾ ಏನ್ ಬರೀಲಿ ಅವರಿಗೆ?"

"ಹಾಕಿಲ್ಲ ಅಂತ ಬರೀರಿ ಸರ್."

"ಅಷ್ಟ ಬರದ್ರ ನನ್ನ ಮನೀಗೆ ಕಳಸ್ತಾರ."

"ಯಾಕ ಹಾಕಿಲ್ಲ, ಬದ್ಲಿ ಏನ್ ಮಾಡೇವಿ, ಅದನ್ನೂ ಬರೀರಿ."

"ಬದ್ಲಿ ಏನ್ ಮಾಡೇವಿ?"

ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಟ್ಟವನು ಹಸನಸಾಬ. ಹೊರಗಿನ ಬೆಂಚಿನ ಮೇಲೆ ಹತ್ತೊಂಬತ್ತು ಮಂದಿಯೂ ಕಟುಕನ ಅಂಗಡಿಯ ಮುಂದಿನ ಆಡುಗಳ ಹಾಗೆ ಮಾತಿಲ್ಲದೆ ಕೂತಿದ್ದಾಗ, ಅವನೊಬ್ಬನೇ ನೀಲಗಂಗಳನ್ನು ಮಾತಿಗೆಳೆದ. ಎಪ್ಪತ್ತರ ಮುದುಕ. ಹರೆಯದಲ್ಲಿ ಊರಿನ ಹಗೇವುಗಳನ್ನು ತುಂಬುವ, ತೆಗೆಯುವ ಕೆಲಸ ಮಾಡಿದವನು. ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಹಗೇವು ಈಗ ಯಾರ ಮನೆಯಲ್ಲೂ ಇಲ್ಲ.

"ಹುಳಾ ಹುಳಾ ಅಂತ ಯಾಕ ಇಷ್ಟ ಅಂಜತೀರಿ ನೀಲವ್ವಾ? ನಾವು ಹತ್ತ ವರ್ಷ ಜ್ವಾಳಾ ಇಟ್ಟೇವಿ, ಒಂದ ಕಾಳಿಗೆ ಹುಳಾ ಹತ್ತಿಲ್ಲ."

"ಏನ್ ಔಷಧ ಹಾಕ್ತಿದ್ರಿ ಕಾಕಾ?"

"ಔಷಧ ಎಲ್ಲೀದು! ಬಾಯಿ ಮುಚ್ಚೋದ ಔಷಧ. ಒಂದ ಬಾಯಿ ಇರಬೇಕು, ಅದರ ಮ್ಯಾಲ ನಂಬಿಗಸ್ತ ಒಬ್ಬ ಕುಂತಿರಬೇಕು. ಅಷ್ಟ."

ನೀಲಗಂಗಾ ಒಳಗೆ ಹೋಗಿ ಗಿರಣಿಯ ಹಳೆಯ ಕೈಪಿಡಿ ತೆರೆದವಳು ಎರಡು ದಿನ ಮುಚ್ಚಲಿಲ್ಲ. ಹಳೆಯ ತಂತ್ರಾಂಶದಲ್ಲಿ ದೋಷಗಳು ನೂರಿದ್ದವು. ಆದರೆ ಗೋಡೆಗೆ ನೂರು ಬಿರುಕಿದ್ದರೂ ಕಳ್ಳ ನುಸುಳುವುದು ಮೈ ಹಿಡಿಸುವ ಬಿರುಕಿನಲ್ಲೇ. ಈ ಹುಳ ಬರುತ್ತಿದ್ದದ್ದು ಗಿರಣಿ ಗಾಳಿಯ ಮಾತು ಕೇಳುವ ಕಿವಿಯಿಂದ, ಅದೊಂದರಿಂದಲೇ. ಆ ಕಿವಿಯನ್ನು ಮುಚ್ಚುವ ಆಜ್ಞೆ ಕೈಪಿಡಿಯಲ್ಲೇ ಇತ್ತು. ತಂತ್ರಾಂಶದ ಒಂದಕ್ಷರವನ್ನೂ ತಿದ್ದಬೇಕಿರಲಿಲ್ಲ.

ಮುಚ್ಚಿದರೆ ಕಷ್ಟ ಬೇರೆ. ಕೋಣೆಗೆ ಆ ಗಿರಣಿ ಕಾಣಿಸುವುದಿಲ್ಲ, ವೇಗ ತಾನಾಗಿ ಏರಿಳಿಯುವುದಿಲ್ಲ. ಬೆಳಗ್ಗೆ ಹಗಲಿನ ವೇಗ, ಸಂಜೆ ಮಲಗುವ ವೇಗ, ಎರಡನ್ನೂ ಕೈಯಿಂದ ಇಡಬೇಕು. ಅದಕ್ಕೆ ಬೇಕಾದದ್ದು ಬಿಲ್ಲೆ: ಅಂಗೈ ಅಗಲದ್ದು, ಮೂರು ಗುಂಡಿಯದು, ಎದೆಗೆ ತಾಗಿಸಿದರೆ ಮಾತ್ರ ಗಿರಣಿಯೊಡನೆ ಮಾತಾಡುವಂಥದು. ಕಿವಿ ಮುಚ್ಚಿದ ಮೇಲೆ ಗಿರಣಿಗೆ ಉಳಿಯುವ ಬಾಯಿ ಅದೊಂದೇ. ಗಾಳಿಯ ವ್ಯವಸ್ಥೆ ಬಂದ ಮೇಲೆ ಕಂಪನಿ ಬಿಲ್ಲೆಗಳನ್ನು ವಾಪಸು ಪಡೆದಿತ್ತು. ಡ್ರಾಯರಿನ ಮೂಲೆಯಲ್ಲಿ ಒಂದೇ ಒಂದು ಉಳಿದಿತ್ತು.

ಹತ್ತೊಂಬತ್ತು ಕಿವಿಗಳನ್ನೂ ಮುಚ್ಚಿದಳು. ಆಮೇಲೆ ಬಿಲ್ಲೆಯನ್ನು ಗಂಡನ ಕೈಗಿಟ್ಟು ಹೇಳಿದಳು: "ನೋಡ್ರಿ, ಇದು ಈ ಹತ್ತೊಂಬತ್ತು ಎದೀಗೆ ಬಿಟ್ರ ಇಪ್ಪತ್ತನೇದಕ್ಕ ಮುಟ್ಟಬಾರದು. ದೇವರು ಬಂದು ಅಂಗಿ ಬಿಚ್ಚಿ ನಿಂತ್ರೂ ಇಲ್ಲ ಅನ್ರಿ."

"ದೇವರಿಗೆ ಯಾಕ ಬೇಕು ಗಿರಣಿ?" ಎಂದ ಈರಬಸಪ್ಪ. "ಆತು, ಯಾರಿಗೂ ಮುಟ್ಟಸಂಗಿಲ್ಲ."

ಆ ಕೆಲಸಕ್ಕೆ ಅವನಿಗಿಂತ ಬೇರೆ ಜನ ಸಿಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದವನು. ಯಾವ ಓಣಿಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೂ ಗೊತ್ತು. ಬೆಳಗ್ಗೆ ಮೊದಲು ಹಸನಸಾಬನ ಕಟ್ಟೆಗೆ ಹೋಗಿ, ಚಹಾ ಬರುವಷ್ಟರಲ್ಲಿ ತನ್ನ ಎದೆಗೆ ಬಿಲ್ಲೆ ಹಚ್ಚಿಕೊಳ್ಳುವನು, ಆಮೇಲೆ ಮುದುಕನಿಗೆ, ಆಮೇಲೆ ಉಳಿದ ಹದಿನೇಳು ಮನೆ. ಸಂಜೆ ಎಲ್ಲರದೂ ಮುಗಿದ ಮೇಲೆ ಮನೆಯಲ್ಲಿ ಕೊನೆಯದಾಗಿ ತನ್ನದು.

"ಮೀಟರ್ ಬಂತ ನೋಡ್ರಿ!" ಎಂದು ಹಸನಸಾಬ ಓಣಿಗೆಲ್ಲ ಕೇಳುವಂತೆ ಕೂಗುವನು. "ಎಷ್ಟ ಯುನಿಟ್ ಸುಟ್ಟೇನಿ ನೋಡಪಾ. ಕಡಿಮಿ ಬರಕೊ, ಬಡವಾ ಅದೀನಿ."

"ನಿನ್ನ ಮೀಟರ್ ಉಲ್ಟಾ ತಿರಗಾಕತ್ತೇತಿ ಕಾಕಾ. ಸರಕಾರನ ನಿನಗ ಕೊಡಬೇಕು."

ಎರಡು ತಿಂಗಳು ಹೀಗೇ ನಡೆಯಿತು. ಹೆರಕಲ್ ಡಾಕ್ಟರು ಮೇಲಿನವರಿಗೆ ವಾರವಾರ ಬರೆದರು. ಮೇಲಿನವರು ಮೊದಲು ಗದರಿದರು, ಆಮೇಲೆ ಸುಮ್ಮನಾದರು. ಬೇರೆ ಊರುಗಳಲ್ಲಿ ಹುಳ ಸಾಲುಸಾಲಾಗಿ ಜನರನ್ನು ಎತ್ತಿಕೊಂಡು ಹೋಗುತ್ತಿತ್ತು. ಕಡ್ಲಿಬಾಳದ ಹತ್ತೊಂಬತ್ತು ಮಂದಿ ಅಪ್‌ಡೇಟ್ ಇಲ್ಲದ ಗಿರಣಿ ಹೊತ್ತು ಸಂತೆಗೆ ಹೋಗಿ ಬರುತ್ತಿದ್ದರು. ನೀಲಗಂಗಾ ಮಾತ್ರ ರಾತ್ರಿ ಎಚ್ಚರವಾದಾಗಲೆಲ್ಲ ಕೈ ಚಾಚಿ ಗಂಡನ ಎದೆಯ ಮೇಲಿಟ್ಟು, ಗುಂಯ್ ಎನ್ನುವುದು ಒಂದೇ ಸಮನೆ ಇದೆಯೇ ಎಂದು ನೋಡಿಕೊಂಡು ಮಲಗುತ್ತಿದ್ದಳು.

ಒಂದು ಬುಧವಾರ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಪಡಸಾಲೆಯಲ್ಲಿ ಅವಲಕ್ಕಿ ತಿಂದಿಟ್ಟ ಎರಡು ತಾಟು.

"ಯಾರ ಬಂದಿದ್ರು?"

"ಬೀಗರು. ಚನಮಲ್ಲಪ್ಪ. ನಾ ಸಂಜೀ ಸುತ್ತ ಮುಗಿಸಿ ಬಂದ ಮ್ಯಾಲ ಬಂದ್ರು. ಈ ಕಡೆ ಎಲ್ಲೋ ಕೆಲಸ ಇತ್ತಂತ, ಹಂಗ ಹಾದು ಹೋದ್ರು."

ಚನಮಲ್ಲಪ್ಪ ಎಂದರೆ ಮಗಳು ಪೂರ್ಣಿಯ ಮಾವ. ಆತನಿಗೂ ಗಿರಣಿ ಇತ್ತು, ಹೊಸ ಕಂತಿನದು. "ಅವರಿಗೆ ಅಪ್‌ಡೇಟ್ ಆತಂತೇನು?" ಎಂದು ಕೇಳಿದಳು.

"ಅವರೂರಾಗ ಕುರ್ಚಿ ಒಂದ, ಸರತಿ ಉದ್ದ ಐತಂತ. ಬರೂ ವಾರ ಅಂತ." ಈರಬಸಪ್ಪ ತಾಟು ಎತ್ತಿಕೊಂಡು ಒಳಗೆ ಹೋದ. ಗಂಡಸು ತಾನಾಗಿ ತಾಟು ಎತ್ತಿದ್ದು ಕಂಡಾಗಲೇ ಅವಳಿಗೆ ಸಂಶಯ ಬರಬೇಕಿತ್ತು. ದಣಿದಿದ್ದಳು, ಬರಲಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಗಿರಣಿಕೋಣೆಯ ಫೋನು ಬಡಿಯಿತು.

"ಯವ್ವಾ..." ಪೂರ್ಣಿ. ಹಿಂದೆ ಹೆಂಗಸರು ಅಳುವ ಸದ್ದು. "ನಮ್ಮ ಮಾವಾರು ಹ್ವಾದ್ರಬೇ. ನಸಿಕಿನ್ಯಾಗ. ಗಿರಣಿ ಒಂದ ಸವನ ಜೋರಾಗಿ ತಿರಗಿ..."

"ಹುಳಾ ಏನು?"

"ಹೂಂ ಅಂತಾರ. ನಿನ್ನೆ ಸಂಜೀಕ ಆರಾಮ ಇದ್ರು. ಅಪ್ಪಾ ಬಿಲ್ಲೆ ಹಚ್ಚಿ ವೇಗ ಇಳಿಸಿ ಕೊಟ್ಟ, ಹಗೂರ ಆತು ಅಂದ್ರು. ಬೀಗರು ಇಲ್ಲ ಅನ್ನಲಿಲ್ಲ ನೋಡವಾ ಅಂತ ಬಂದು ನನ್ನ ಮುಂದ ಹಾಡಿ ಹೊಗಳಿದ್ರು. ಯವ್ವಾ? ಕೇಳಾಕತ್ತೀಯೇನು?"

ಫೋನಿನ ರಿಸೀವರು ಮೇಜಿನ ಅಂಚಿನಿಂದ ತೂಗಾಡುತ್ತಿತ್ತು. ನೀಲಗಂಗಾ ಆಗಲೇ ಆಸ್ಪತ್ರೆಯ ಗೇಟು ದಾಟಿದ್ದಳು.

ಬಿಲ್ಲೆ ಬೀಗರ ಎದೆಗೆ ತಾಗಿದೆ. ಅಲ್ಲಿಂದ ಹುಳ ಬಿಲ್ಲೆಗೆ. ಆಮೇಲೆ ರಾತ್ರಿ ಈರಬಸಪ್ಪ ಅದನ್ನೇ ತನ್ನ ಎದೆಗೆ ಹಚ್ಚಿಕೊಂಡಿದ್ದಾನೆ. ಈಗ ಎಂಟು ಗಂಟೆ. ಏಳಕ್ಕೆ ಹೊರಟವನು ಇಷ್ಟು ಹೊತ್ತಿಗೆ ಹಸನಸಾಬ, ಕುಂಬಾರ ಓಣಿಯ ತಿಪ್ಪವ್ವ, ಗವಳಿಯವರ ಓಣಿಯ ಇಬ್ಬರು... ಎಣಿಸುತ್ತ ಓಡಿದಳು. ಹತ್ತೊಂಬತ್ತು ಮಂದಿಗೆ ಬೇಲಿ ಕಟ್ಟಿದವಳು ತಾನು. ಆ ಬೇಲಿಯೊಳಗೆ ಮನೆಮನೆಗೆ ಹುಳ ಹಂಚಲು ಸ್ವಂತ ಗಂಡನನ್ನೇ ಕಳಿಸಿದ ಹಾಗಾಯಿತು. ಫೋನು ಮಾಡೋಣವೆಂದರೆ ಗಾಳಿಯ ಹುಳಕ್ಕೆ ಹೆದರಿ ಆ ಹತ್ತೊಂಬತ್ತು ಮಂದಿಯ ಹತ್ತಿರ ಫೋನೂ ಇರಕೂಡದೆಂದು ಕಟ್ಟಪ್ಪಣೆ ಮಾಡಿದವಳೂ ತಾನೇ. ಸೀರೆ ಕಾಲಿಗೆ ತೊಡರಿ ಒಮ್ಮೆ ಬಿದ್ದಳು. ಎದ್ದಳು.

ಹಸನಸಾಬನ ಕಟ್ಟೆಯ ಮೇಲೆ ಈರಬಸಪ್ಪ ಕೂತಿದ್ದ. ಚಹಾ ಆರಿಹೋಗಿ ಮೇಲೆ ಕೆನೆ ಕಟ್ಟಿತ್ತು. ಬಿಲ್ಲೆ ಅವನ ಮುಷ್ಟಿಯಲ್ಲಿತ್ತು.

"ಎಷ್ಟ ಮಂದೀಗೆ ಹಚ್ಚಿದ್ರಿ?" ಅವಳ ದನಿ ಅವಳಿಗೇ ಗುರುತು ಹತ್ತಲಿಲ್ಲ.

"ಯಾರಿಗೂ ಹಚ್ಚಿಲ್ಲ."

"ಖರೇ ಹೇಳ್ರಿ!"

"ಯಾರಿಗೂ ಇಲ್ಲ ನೀಲಾ. ನನಗ ಹಚ್ಚಕೊಂಡೆ. ರಾತ್ರಿ ಐವತ್ತಕ್ಕ ಇಟ್ಟಿದ್ದೆ, ಐವತ್ತಾರು ತೋರಿಸ್ತು. ಇಳಿಸಿದೆ. ಮತ್ತ ಏರಿತು. ಮತ್ತ ಇಳಿಸಿದೆ. ನಿನಗ ಮಾರಿ ತೋರಸಾಕ ಆಗದ ಇಲ್ಲೇ ಕುಂತೆ." ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಇಪ್ಪತ್ತೆರಡ ವರ್ಷ ಮೀಟರ್ ಓದೇನಿ. ತಾನ ಓಡೂ ಮೀಟರ್ ಯಾವ್ದು ಅಂತ ನನಗ ಗೊತ್ತಾಗಂಗಿಲ್ಲೇನು?"

"ಹಚ್ಚೋ ಅಂತ ನಾನ ಬೈದೆ" ಎಂದ ಹಸನಸಾಬ, ಬಾಗಿಲ ಚೌಕಟ್ಟಿಗೆ ಒರಗಿ. ರಾತ್ರಿಯ ಮಂದ ವೇಗದಲ್ಲೇ ಇದ್ದ ಅವನ ತುಟಿ ನೀಲಿಗಟ್ಟುತ್ತಿತ್ತು. "ನನ್ನ ಹತ್ರ ಬರಬ್ಯಾಡ, ಬರಬ್ಯಾಡ ಅಂತ ಕೈ ಮುಗದಾ. ತಾಸಾತು ಹಿಂಗ ಕುಂತಾನ."

ನೀಲಗಂಗಾ ಗಂಡನ ಮುಂದೆ ಕೂತಳು. "ದೇವರಿಗೂ ಇಲ್ಲ ಅನ್ರಿ ಅಂದಿದ್ದೆ ನಾ."

"ದೇವರಿಗೆ ಇಲ್ಲ ಅಂತಿದ್ದೆ" ಎಂದ ಈರಬಸಪ್ಪ. "ಬೀಗರಿಗೆ ಹೆಂಗ ಅನ್ನಲಿ? ನಮ್ಮ ಕೂಸು ಅವರ ಮನ್ಯಾಗ ಐತಿ. ಏದುಸಿರು ಬಿಡಾಕತ್ತಿದ್ರು. ಬೀಗಿತಿಗೆ ಹೇಳಬ್ಯಾಡ್ರಿ, ಒಂದ ಸಲ ಹಚ್ಚಿ ಕೊಡ್ರಿ ಅಂತ ನನ್ನ ಕೈ ಹಿಡದ್ರು. ಹೆಂಗ ಇಲ್ಲ ಅನ್ನಲಿ ನೀಲಾ?"

ಬೀಗರು ತೀರಿಕೊಂಡ ಮಾತನ್ನು ಹೇಳಿದಳು. ಈರಬಸಪ್ಪ ಬಿಲ್ಲೆಯನ್ನು ಅವಳ ಕೈಗಿಟ್ಟು ಎದ್ದ.

ಆಸ್ಪತ್ರೆಗೆ ಬರುವಷ್ಟರಲ್ಲಿ ಗಿರಣಿಯ ವೇಗ ಅರವತ್ತೊಂದು. ನೂರರ ಹತ್ತಿರಕ್ಕೆ ಹೋದರೆ ಉಳಿಗಾಲವಿಲ್ಲ. ನೀಲಗಂಗಾ ನೇರವಾಗಿ ಕುರ್ಚಿಯತ್ತ ಕರೆದೊಯ್ದರೆ ಅವನು ಕೂಡಲಿಲ್ಲ.

"ಮೊದಲ ಬಿಲ್ಲೆ ತೊಳಿ."

"ಅದಕ್ಕ ಅರ್ಧ ತಾಸ ಬೇಕು. ನಿಮಗ ಅರ್ಧ ತಾಸ..."

"ಅವರು ಹದಿನೆಂಟ ಮಂದಿ, ರಾತ್ರಿ ವೇಗದಾಗ ಅದಾರ. ಹಸನಕಾಕಾನ ತುಟಿ ನೋಡಿದಿಲ್ಲ? ನಾ ಮಾಡಿದ ತಪ್ಪು ಇದು. ಮೊದಲ ತೊಳಿ."

ತೊಳೆಯುವುದೆಂದರೆ ಬಿಲ್ಲೆಯೊಳಗಿನದನ್ನೆಲ್ಲ ಅಳಿಸಿ, ಎಂದೂ ಗಾಳಿಗೆ ತೆರೆಯದೆ ಇಟ್ಟಿದ್ದ ಮೂಲ ಪ್ರತಿಯಿಂದ ಮತ್ತೆ ಬರೆಯುವುದು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ಹರಿಯಿತು. ಪಕ್ಕದ ಕುರ್ಚಿಯಲ್ಲಿ, ಪಟ್ಟಿಗೆ ಸಿಕ್ಕಿಸಿದ ತಂತಿಯಿಂದ ಪರದೆಗೆ ಬರುತ್ತಿದ್ದ ಈರಬಸಪ್ಪನ ಸಂಖ್ಯೆ ಅರವತ್ತೆಂಟು, ಎಪ್ಪತ್ತೆರಡು. ಗುಂಯ್ ಎನ್ನುತ್ತಿದ್ದದ್ದು ಈಗ ಮೂರು ಮಾರು ದೂರಕ್ಕೂ ಕೇಳುತ್ತಿತ್ತು. ಬಿಲ್ಲೆ ಸಿದ್ಧವಾದೊಡನೆ ಹೆರಕಲ್ ಡಾಕ್ಟರು ಅದನ್ನು ನರ್ಸಿನ ಕೈಯಲ್ಲಿಟ್ಟು, ಅಷ್ಟರಲ್ಲಿ ಜೀಪಿನಲ್ಲಿ ಆಸ್ಪತ್ರೆಯ ಅಂಗಳಕ್ಕೆ ಕರೆತಂದಿದ್ದ ಹದಿನೆಂಟು ಮಂದಿಯ ಬಳಿಗೆ ಕಳಿಸಿದರು.

ಆ ಅರ್ಧ ತಾಸಿನಲ್ಲಿ ನೀಲಗಂಗಾ ಪಕ್ಕದ ತಾಲೂಕಿನ ತಂತ್ರಜ್ಞ ಬಾಳೇಶನಿಗೆ ಫೋನು ಹಚ್ಚಿದ್ದಳು. ಹುಳ ಹೊಕ್ಕ ಮೇಲೆ ಕಿವಿ ಮುಚ್ಚಿ ಫಲವಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಅಂದರೆ ಅಪ್‌ಡೇಟೇ ಗತಿ. ಎಂಟರಲ್ಲಿ ಉಳಿದದ್ದು ಮೂರು.

"ಬಾಳೇಶಣ್ಣಾ, ಆ ಮೂರು ಹೆಂಗ ಉಳದ್ವು?"

"ದೈವಾ ಅಕ್ಕಾರ."

"ದೈವಾ ಬ್ಯಾಡ. ಆ ಮೂರೂ ಮಂದಿ ಬಂದಾಗಿಂದ ಏನೇನಾತು ಒಂದೊಂದ ಹೇಳು."

ಬಾಳೇಶ ನೆನಪು ಮಾಡಿಕೊಂಡ. ಒಬ್ಬಾಕೆಯ ಸೊಂಟದ ಪಟ್ಟಿ ಕೆಟ್ಟಿತ್ತು. ಹೊಸದು ತರುವತನಕ ಗಿರಣಿ ಪೂರ್ತಿ ನಿಂತಿತ್ತು. ಇನ್ನೊಬ್ಬನದೂ ಪಟ್ಟಿಯ ತಂಟೆಯೇ. ಮೂರನೆಯವನದು... ಅವನು ಮಾತು ನಿಲ್ಲಿಸಿದ. "ಅಕ್ಕಾರ. ಮೂರೂ ಮಂದೀದು ನಿಂತಿತ್ತು. ಒಂಬತ್ತ ಹತ್ತ ನಿಮಿಷ."

ಅವಳಿಗೆ ಕೈಪಿಡಿಯ ಮಾತು ನೆನಪಾಯಿತು: ಗಿರಣಿ ಪೂರ್ತಿ ನಿಂತು ಒಂಬತ್ತು ನಿಮಿಷವಾದರೆ ಒಳಗಿನ ಪುಟ್ಟ ಸೆಲ್ ಬತ್ತಿ, ಆರು ವರ್ಷದ ಲೆಕ್ಕದ ನೆನಪೆಲ್ಲ ಅಳಿದುಹೋಗುತ್ತದೆ. ಅಪ್‌ಡೇಟಿಗೆ ಜಾಗ ಆಗುತ್ತದೆ. ಒಂಬತ್ತು ನಿಮಿಷ ಖಾಲಿ ಮಾಡಲು, ನಾಲ್ಕು ನಿಮಿಷ ಬರೆಯಲು.

"ಖಾತ್ರಿ ಏನಿಲ್ರಿ ಮತ್ತ" ಎಂದ ಬಾಳೇಶ. "ಅವರು ಹರೇದವರು."

ಹೆರಕಲ್ ಡಾಕ್ಟರು ಕೇಳಿ ತಲೆಯಾಡಿಸಿದರು. "ಹದಿಮೂರ ನಿಮಿಷ ಗಿರಣಿ ಇಲ್ಲದ? ಆ ಹೃದಯ ಆರು ವರ್ಷದಾಗ ಒಂದ ದಿನಾನೂ ತಾನ ದುಡದಿಲ್ಲ ನೀಲಗಂಗವ್ವಾರ."

"ಎಪ್ಪತ್ತೊಂಬತ್ತು" ಎಂದ ಈರಬಸಪ್ಪ, ಪರದೆ ನೋಡಿ. "ಮಾತಾಡಕೋತ ಕುಂತ್ರ ಬಿಲ್ ಏರತೈತ್ರಿ ಡಾಕ್ಟರ. ಬಿಚ್ಚು ನೀಲಾ."

ಅವಳು ಪಟ್ಟಿಯ ಕೊಂಡಿ ಬಿಚ್ಚಿದಳು.

ಗುಂಯ್ ನಿಂತಿತು. ಆರು ವರ್ಷದಲ್ಲಿ ಮೊದಲ ಸಲ ಗಂಡನ ಮೈಯಿಂದ ಯಾವ ಸದ್ದೂ ಬರಲಿಲ್ಲ. ಡಾಕ್ಟರು ಆಮ್ಲಜನಕದ ಮುಖವಾಡ ಹಿಡಿದರು. ನೀಲಗಂಗಾ ಅವನ ಮಣಿಕಟ್ಟು ಹಿಡಿದು ಮೂರು ಬೆರಳು ಊರಿದಳು. ಗಿರಣಿ ಇದ್ದವರಿಗೆ ನಾಡಿ ಇರುವುದಿಲ್ಲ. ರಕ್ತ ಬಡಿದು ಬಡಿದು ಹೋಗುವುದಿಲ್ಲ, ಕಾಲುವೆಯ ನೀರಿನಂತೆ ಒಂದೇ ಸಮನೆ ಹರಿಯುತ್ತದೆ. ಬೆರಳ ಕೆಳಗೆ ಏನೂ ಇರಲಿಲ್ಲ.

ಒಂದು ನಿಮಿಷ. ಅವನ ಕಣ್ಣು ಅವಳ ಮೇಲೇ ಇತ್ತು. ಏನೋ ಹೇಳಲು ಹೋದ, ಅವಳು ಬೇಡವೆಂದು ತಲೆಯಾಡಿಸಿದಳು.

ಆಗ ಅದು ಬಂತು. ಗೋಡೆಯಾಚೆ ಯಾರೋ ಅಂಜುತ್ತ ಬಾಗಿಲು ತಟ್ಟಿದ ಹಾಗೆ. ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಎರಡು ಒಟ್ಟೊಟ್ಟಿಗೆ, ಎಡವಿದ ಹಾಗೆ.

"ಬಡೀತೈತ್ರಿ" ಎಂದಳು ಪಿಸುದನಿಯಲ್ಲಿ. ಮದುವೆಯಾದ ಹೊಸದರಲ್ಲಿ ಅವನ ತೋಳಿನ ಮೇಲೆ ತಲೆಯಿಟ್ಟು ಕೇಳಿದ್ದ ಬಡಿತ ಇದೇ, ಈಗ ಮುದಿಯಾಗಿತ್ತು.

ಐದು ನಿಮಿಷ. ಅವನ ಮುಖ ಬೂದಿಯಾಯಿತು. ಏಳಕ್ಕೆ ಕಣ್ಣುಗಳು ಮುಚ್ಚಿದವು. ಬಡಿತ ದೂರ ದೂರವಾಗುತ್ತಿತ್ತು. ಪ್ರತಿಯೊಂದಾದ ಮೇಲೂ ಇದೇ ಕೊನೆಯದು ಎನ್ನಿಸುತ್ತಿತ್ತು, ಇನ್ನೊಂದು ಬರುತ್ತಿತ್ತು. "ಇನ್ನೊಂದು... ಇನ್ನೊಂದ ಕೊಡ್ರಿ" ಎಂದು, ಉಣ್ಣಲೊಲ್ಲದ ಮಗುವಿಗೆ ತುತ್ತು ಕೊಡುವ ಹಾಗೆ ರಮಿಸುತ್ತ ಕೂತಳು. ಒಂಬತ್ತಕ್ಕೆ ಡಾಕ್ಟರೇ ಪಟ್ಟಿ ಕಟ್ಟಿ ಅಪ್‌ಡೇಟಿನ ಗುಂಡಿ ಒತ್ತಿದರು.

ಹತ್ತು. ಹನ್ನೊಂದು. ಹೊರಗೆ ಜನರನ್ನು ಮನೆಗೆ ಒಯ್ಯುವ ಜೀಪು ಹೊರಟ ಸದ್ದು. ಹದಿನೆಂಟೂ ಮಂದಿಗೆ ಆಯಿತೆಂದು ನರ್ಸು ಬಾಗಿಲಲ್ಲಿ ಹೇಳಿದಳು. ಯಾರೂ ತಿರುಗಲಿಲ್ಲ.

ಹದಿಮೂರು ತುಂಬುವ ಹೊತ್ತಿಗೆ ಬೆರಳ ಕೆಳಗೆ ಒಂದು ಬಡಿತ ಬಂತು. ನೀಲಗಂಗಾ ಮುಂದಿನದಕ್ಕೆ ಕಾದಳು. ಬರಲಿಲ್ಲ. ಬೆರಳು ಒತ್ತಿ ಹಿಡಿದಳು, ಸಡಿಲಿಸಿದಳು, ಇನ್ನೊಂದು ಕೈ ಹಿಡಿದಳು. ನಾಡಿ ಇರಲಿಲ್ಲ. ಇಲ್ಲದ್ದಕ್ಕೆ ಕಾರಣ ಎರಡೇ: ಒಂದೋ ಗಿರಣಿ ಎದ್ದಿದೆ, ಇಲ್ಲವೇ ಅವನು ಹೋಗಿದ್ದಾನೆ. ಪರದೆ ಅವಳ ಬೆನ್ನ ಹಿಂದಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಡಾಕ್ಟರರ ಮುಖ ನೋಡುವ ಧೈರ್ಯವೂ ಆಗಲಿಲ್ಲ.

ಬಗ್ಗಿ ಅವನ ಎದೆಗೆ ಕಿವಿಯಿಟ್ಟಳು.

ಗಿರಣಿ ತಿರುಗುತ್ತಿತ್ತು.

ಅವಳು ಹಾಗೇ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯ ಮೇಲೊಂದು ಕೈ ಬಂತು, ತಣ್ಣಗೆ, ಭಾರವಾಗಿ. "ಪೂರ್ಣಿಗೆ ಹೇಳು" ಎಂದ ಈರಬಸಪ್ಪ, ಉಸಿರು ಕೂಡಿಸಿಕೊಂಡು. "ಮಣ್ಣಿಗೆ ಬರ್ತೇವಂತ ಹೇಳು. ನಾವು ಬರೂತನಕ ಬೀಗರನ್ನ ಎತ್ತಬಾರದಂತ."